ಪದಚರ್ಚೆ: ಮಾದರಿ ವಿಮಾನದ ‘ವೆದರಿಂಗ್’ಗೆ ಕನ್ನಡದಲ್ಲಿ ಏನೆನ್ನೋಣ?

ಮಿತ್ರರೇ,

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ನಮ್ಮ ಮನೆಯ ಜಗಲಿಯಲ್ಲಿ, ಶಾಲೆಗೆ ರಜೆಯಿರುವಾಗ, ಕನ್ನಡ ಮಾಧ್ಯಮದ ಏಳೆಂಟು ಮಕ್ಕಳಿಗೆ ಪ್ಲಾಸ್ಟಿಕ್ ವಿಮಾನ ಜೋಡಿಸಲು ಕಲಿಸುತ್ತೇನೆ. ಈಗ ಕೈಯಲ್ಲಿರುವುದು ನಮ್ಮ ನೌಕಾಪಡೆಯ ಸೀ ಹಾಕ್. 1971ರ ಡಿಸೆಂಬರಿನಲ್ಲಿ ವಿಕ್ರಾಂತ್ ಎಂಬ ವಿಮಾನವಾಹಕ ಹಡಗಿನಿಂದ ಹಾರಿ ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ದಾಳಿ ಮಾಡಿದ ವಿಮಾನವಿದು. ಅಳತೆ 1:72, ಸುಮಾರು 12 ಮೀಟರ್ ಉದ್ದದ ವಿಮಾನ 17 ಸೆಂಟಿಮೀಟರಿಗೆ ಇಳಿದಿದೆ. ಬಣ್ಣ ಬಳಿದಾಯಿತು. ಆದರೆ ಬರಿಯ ಹೊಸ ಬಣ್ಣದಲ್ಲಿ ಅದು ಜಾತ್ರೆಯ ಆಟಿಕೆಯಂತೆ ಕಾಣುತ್ತದೆ. ಉಪ್ಪುಗಾಳಿ, ಬಿಸಿಲು, ಎಣ್ಣೆ, ಹೊಗೆ, ರೆಕ್ಕೆಯ ಮೇಲೆ ಹತ್ತಿಳಿದವರ ಬೂಟು ಎಲ್ಲವೂ ಅದರ ಮೈಮೇಲೆ ಗುರುತು ಬಿಟ್ಟಿರಬೇಕು. ಈ ಗುರುತುಗಳನ್ನು ಬೇಕೆಂದೇ ಮೂಡಿಸುವ ಕೆಲಸಕ್ಕೆ ವೆದರಿಂಗ್ ಎನ್ನುತ್ತಾರೆ. ಮಕ್ಕಳಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆಯಲು ಕುಳಿತವನು ತಲೆಬರಹದಲ್ಲೇ ನಿಂತಿದ್ದೇನೆ.

“ಶಿಥಿಲೀಕರಣ ಎಂದು ಬರೆಯಿರಿ ಮಾಷ್ಟ್ರೇ” ಎಂದಳು ಎಂಟನೆಯ ತರಗತಿಯ ಹುಡುಗಿ. ಭೂಗೋಳದಲ್ಲಿ ಬಂಡೆ ಗಾಳಿಮಳೆಗೆ ಸಿಕ್ಕಿ ಪುಡಿಯಾಗುವುದಕ್ಕೆ ಆ ಪದವಿದೆ, ಅಲ್ಲಿಗೆ ಸರಿಯಾಗಿಯೂ ಇದೆ. ನನಗೆ ಅದು ಬೇಡ. ಶಿಥಿಲವಾದ ಸೇತುವೆಯ ಮೇಲೆ ನಾವು ನಡೆಯುವುದಿಲ್ಲ, ಶಿಥಿಲವಾದ ವಿಮಾನ ಹಾರುವುದಿಲ್ಲ. ಈ ವಿಮಾನ ಬೆಳಿಗ್ಗೆ ಹಾರಿ ಬಂದು ಮಧ್ಯಾಹ್ನ ಮತ್ತೆ ಹಾರಲಿದೆ.

‘ತುಕ್ಕು ಹಿಡಿಸು’ ಎಂದರೆ ಕೆಲಸವೇ ತಪ್ಪುತ್ತದೆ. ವಿಮಾನದ ಹೊರಮೈ ಹೆಚ್ಚಾಗಿ ಅಲ್ಯೂಮಿನಿಯಂ. ಬಣ್ಣ ಎದ್ದಲ್ಲಿ ಬೆಳ್ಳಿಯ ಹೊಳಪು ಕಾಣಬೇಕೇ ಹೊರತು ಕಬ್ಬಿಣದ ಕೆಂಪಲ್ಲ. ಹೊಸಬರು ಮೊದಲು ಎಡವುವುದೇ ಇಲ್ಲಿ, ಕಂದು ಬಣ್ಣದ ಡಬ್ಬಿಗೆ ಕೈಹಾಕಿ.

‘ಮಾಸು’ ನನಗೆ ಇಷ್ಟವಾದ ಕ್ರಿಯಾಪದ. ಬಣ್ಣ ಮಾಸುತ್ತದೆ, ಬಟ್ಟೆ ಮಾಸುತ್ತದೆ, ನೆನಪೂ ಮಾಸುತ್ತದೆ. ಆದರೆ ಅದು ತಾನಾಗಿ ಆಗುವಂಥದ್ದು. ‘ಮಾಸಿಸು’ ಎನ್ನಲು ನಾಲಗೆ ಒಪ್ಪುವುದಿಲ್ಲ. ನಾಮಪದವಾಗಿ ‘ಮಾಸು’ ಎಂದರೆ ಹೆರಿಗೆಯ ನಂತರ ಬೀಳುವ ಕಸ, ಹಾಗಾಗಿ ತಲೆಬರಹಕ್ಕೆ ಸಲ್ಲದು. ಬಿಸಿಲಿಗೆ ಬಿಳಿಚಿದ ಮೇಲ್ಮೈಗೆ ‘ಮಾಸಲು’ ಎಂಬುದನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಕೊನೆಗೆ ಪದ ಸಿಕ್ಕಿದ್ದು ಅಡುಗೆಮನೆಯಲ್ಲಿ. ಹೊಸ ಕಬ್ಬಿಣದ ಕಾವಲಿಗೆ ಎಣ್ಣೆ ಸವರಿ, ಅರ್ಧ ನೀರುಳ್ಳಿಯಿಂದ ತಿಕ್ಕಿ, ಕಾಯಿಸಿ, ಮತ್ತೆ ಸವರಿ ಅದನ್ನು ಪಳಗಿಸುತ್ತೇವೆ. ಪಳಗಿದ ಕಾವಲಿ ಕಪ್ಪಾಗಿ ಮಿನುಗುತ್ತದೆ. ಅದನ್ನು ಕೊಳಕು ಎಂದವರಿಲ್ಲ. ದುಡಿದದ್ದರಿಂದ ಬಂದ ಬಣ್ಣ ಅದು. ವಿಮಾನದ ಮೈಮೇಲೆ ನನಗೆ ಬೇಕಾದದ್ದೂ ಅದೇ. ಸಾಲದ್ದಕ್ಕೆ ‘ಪಳಗಿಸು’ ಎಂಬುದು ಬೇಕೆಂದೇ ಮಾಡುವ ಕೆಲಸವನ್ನು ಹೇಳುತ್ತದೆ.

ಆದರೆ ನಮ್ಮ ಊರಲ್ಲಿ ಒಂದು ತೊಡಕಿದೆ. ಮಲಯಾಳದಲ್ಲಿ ಇದೇ ಧಾತುವಿನ ‘ಪೞಕಿಯ’ ಎಂದರೆ ಹಳತಾದ, ಹಳಸಿದ ಎಂದರ್ಥ. ಹೋಟೆಲಿನಲ್ಲಿ ‘ಪೞಕಿಯ ಭಕ್ಷಣಂ’ ಹಿಡಿದರೆಂದು ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ, ಮಕ್ಕಳು ಅದನ್ನೂ ಓದುತ್ತಾರೆ. ನಮ್ಮ ‘ಹಳೆ’ಯೂ ಹಳಗನ್ನಡದಲ್ಲಿ ‘ಪೞೆ’. ‘ಪಳಗು’ ಕೂಡ ಮೊದಲು ‘ಪೞಗು’. ಅಲ್ಲಿ ವಯಸ್ಸಿನ ಕಡೆಗೆ ವಾಲಿದ ಮಾತು ಇಲ್ಲಿ ಅನುಭವದ ಕಡೆಗೆ ವಾಲಿದೆ. ಸೀ ಹಾಕ್‌ನ ರೆಕ್ಕೆಯ ಮೇಲೆ ಎರಡೂ ಇವೆ ಎಂಬುದು ನನ್ನ ವಾದ. ಬೆಂಗಳೂರು, ಧಾರವಾಡದ ಕಿವಿಗೆ ‘ವಿಮಾನವನ್ನು ಪಳಗಿಸುವುದು’ ಎಂದರೆ ಆನೆಯ ನೆನಪೇ ಬರುತ್ತದೆಯೇ? ದಯವಿಟ್ಟು ತಿಳಿಸಿ.

ಒಳಗಿನ ಬಿಡಿ ಕೆಲಸಗಳಿಗೆ ಇಷ್ಟು ಮಾಡಿಕೊಂಡಿದ್ದೇನೆ. ತಗಡುಗಳ ನಡುವಿನ ಸಣ್ಣ ಗೀರುಗಳಿಗೆ ತೆಳು ಕಪ್ಪುಬಣ್ಣ ಹರಿಸಿ, ಉಳಿದದ್ದನ್ನು ಮೂತಿಯಿಂದ ಬಾಲದ ಕಡೆಗೆ, ಗಾಳಿ ಹರಿಯುವ ದಿಕ್ಕಿನಲ್ಲೇ, ಬಟ್ಟೆಯಿಂದ ಒರೆಸುವುದಕ್ಕೆ ‘ಮಸಿ ಊಡುವುದು’. ನೂಲಿಗೆ ಬಣ್ಣ ಊಡುತ್ತೇವಲ್ಲ, ಹಾಗೆ. ಬೆಳ್ಳಿಬಣ್ಣದ ಮೇಲೆ ನೀರು ತಾಗಿಸಿ ಉಪ್ಪಿನ ಹರಳು ಉದುರಿಸಿ, ಒಣಗಿದ ಮೇಲೆ ಬೂದುಬಣ್ಣ ಹೊಡೆದು, ಅದೂ ಒಣಗಿದಾಗ ಉಪ್ಪನ್ನು ತಿಕ್ಕಿ ತೆಗೆಯುವುದು ‘ಚಕ್ಕೆ ಎಬ್ಬಿಸುವುದು’. ಸೀ ಹಾಕ್‌ನ ಎಂಜಿನ್ ಕೊಳವೆ ಎರಡಾಗಿ ಒಡೆದು ರೆಕ್ಕೆಯ ಬುಡದ ಹಿಂದೆ ಎರಡೂ ಪಕ್ಕದಲ್ಲಿ ತೆರೆಯುತ್ತದೆ. ಅಲ್ಲಿಂದ ಹಿಂದಕ್ಕೆ ಹರಡುವ ಕಲೆ ‘ಹೊಗೆಮಸಿ’.

ಒಂದಕ್ಕೆ ಮಾತ್ರ ಪದವಿಲ್ಲ. ಎಣ್ಣೆಯೋ ಮಳೆನೀರೋ ಒಂದೇ ಜಾಗದಿಂದ ಇಳಿದಿಳಿದು ಉಳಿಸುವ ಉದ್ದನೆಯ ಗೆರೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಸುಣ್ಣ ಬಳಿದ ಮನೆಗಳಲ್ಲಿ ಜಡಿಮಳೆಯ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಕಿಟಕಿಯ ಕೆಳಗೆ ಕಪ್ಪಾಗಿ, ಮೇಲೆ ದಪ್ಪ, ಕೆಳಗೆ ಹೋದಂತೆ ತೆಳ್ಳಗೆ ಮೂಡುತ್ತದಲ್ಲ, ಅದೇ ಗೆರೆ. ‘ಸೋರುಗೆರೆ’ ಎಂದು ನಾನೇ ಕಟ್ಟಿಕೊಂಡಿದ್ದೇನೆ. ನಿಮ್ಮ ಮನೆಯಲ್ಲಿ, ಸುಣ್ಣ ಬಳಿಯುವವರ ಬಾಯಲ್ಲಿ, ಅದಕ್ಕೆ ಏನು ಹೆಸರಿದೆ?