ರಾತ್ರಿ ಪಾಳಿಯಲ್ಲಿ ಮಗು ಸಿಟ್ಟಿಗೆದ್ದರೆ ಏನು ಮಾಡೋದು?

ಪ್ರಶ್ನೆ (ಹೌಸ್ ಮದರ್, ಹೆಣ್ಣುಮಕ್ಕಳ ಪಾಲನಾ ಸಂಸ್ಥೆ):
ಮೇಡಂ, ನಮ್ಮಲ್ಲಿ 13 ವರ್ಷದ ಹುಡುಗಿ ಇದ್ದಾಳೆ. ಭಾನುವಾರ ಮನೆಯವರು ಬರ್ತಾರೆ ಅಂತ ಗೇಟಿನ ಹತ್ತಿರವೇ ಕೂತಿದ್ದಳು. ಯಾರೂ ಬರಲಿಲ್ಲ. ರಾತ್ರಿ ಊಟಕ್ಕೆ ಕರೆದಾಗ ತಟ್ಟೆ ಎಸೆದಳು, ಚಿಕ್ಕವರನ್ನು ಹೊಡೆಯಲು ಹೋದಳು. ಬಿಡಿಸಲು ಹೋದ ನನ್ನ ಕೈ ಕಚ್ಚಿದಳು. 22 ಮಕ್ಕಳಿಗೆ ರಾತ್ರಿ ನಾನೊಬ್ಬಳೇ. "ಸ್ಟೋರ್ ರೂಮಿಗೆ ಹಾಕಿ ಚಿಲಕ ಹಾಕು, ತಾನೇ ಸುಮ್ಮನಾಗ್ತಾಳೆ" ಅಂತಾರೆ ಜೊತೆಯವರು. ಹಿಡಿದುಕೊಂಡರೆ ನನ್ನ ಮೇಲೇ ದೂರು ಬರುತ್ತೇನೋ ಅಂತ ಭಯ.

ಉತ್ತರ (ಆಪ್ತಸಮಾಲೋಚಕಿ):
ಮೊದಲು ನಿಮ್ಮ ಕೈ ನೋಡಿಕೊಳ್ಳಿ ಅಕ್ಕಾ. ಚರ್ಮ ಹರಿದಿದ್ದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಇವತ್ತೇ ಡಾಕ್ಟರಿಗೆ ತೋರಿಸಿ. ಮನುಷ್ಯರು ಕಚ್ಚಿದ ಗಾಯ ಬೇಗ ಕೀವಾಗುತ್ತದೆ.

ಚಿಲಕ ಹಾಕಬೇಡಿ. ಒಳಗೆ ಅವಳು ಏನು ಮಾಡಿಕೊಳ್ಳುತ್ತಾಳೋ ನಿಮಗೆ ಕಾಣುವುದಿಲ್ಲ. ಮೊದಲೇ "ನನ್ನನ್ನು ಬಿಟ್ಟುಹೋದರು" ಅಂತ ಕುದಿಯುತ್ತಿರುವ ಮಗು ಅದು. ಕತ್ತಲ ಕೋಣೆಯೂ ಅದನ್ನೇ ಹೇಳುತ್ತದೆ, ಅಲ್ವಾ? ಕಾನೂನೂ ನಿಮ್ಮ ಪರ ನಿಲ್ಲುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಸಂಸ್ಥೆಯ ಸಿಬ್ಬಂದಿಯೇ ಮಗುವಿಗೆ ಕ್ರೌರ್ಯ ತೋರಿದರೆ 5 ವರ್ಷದವರೆಗೆ ಜೈಲು.

ಅಂಥ ಹೊತ್ತಲ್ಲಿ ಅವಳನ್ನು ಎಳೆಯುವ ಬದಲು ಉಳಿದ ಮಕ್ಕಳನ್ನು ಆಚೆ ಕಳಿಸಿ. ನೋಡುವವರು ಜಾಸ್ತಿಯಾದಷ್ಟೂ ಸಿಟ್ಟು ಏರುತ್ತದೆ. ತಟ್ಟೆ, ಲೋಟ, ಬಕೆಟ್ ಸರಿಸಿ. ಎರಡು ಕೈ ದೂರದಲ್ಲಿ, ಬಾಗಿಲಿಗೆ ಅಡ್ಡ ಬಾರದ ಹಾಗೆ ನಿಲ್ಲಿ. ದನಿ ತಗ್ಗಿಸಿ. "ಇವತ್ತು ಯಾರೂ ಬರಲಿಲ್ಲ, ತುಂಬಾ ನೋವಾಗಿದೆ" ಅಂದರೆ ಸಾಕು, ಬುದ್ಧಿಮಾತು ಬೇಡ. ಇನ್ನೊಂದು ಮಗುವಿಗೋ ಅವಳಿಗೋ ನಿಜವಾಗಿ ಪೆಟ್ಟಾಗುವ ಹಾಗಿದ್ದರೆ ಮಾತ್ರ, ಅಪಾಯ ತಪ್ಪುವಷ್ಟು ಹೊತ್ತು ಹಿಡಿದುಕೊಳ್ಳಿ. ಬೋರಲು ಮಲಗಿಸಿ ಬೆನ್ನು ಒತ್ತುವುದು, ಕುತ್ತಿಗೆ ಹಿಡಿಯುವುದು ಬೇಡವೇ ಬೇಡ. ಉಸಿರುಕಟ್ಟಿ ಜೀವ ಹೋಗಬಹುದು.

ನಡೆದದ್ದನ್ನು ಆ ರಾತ್ರಿಯೇ ಬರೆಯಿರಿ: ಎಷ್ಟು ಗಂಟೆ, ಮುಂಚೆ ಏನಾಯಿತು, ನೀವು ಹೇಗೆ ಹಿಡಿದಿರಿ, ಯಾರು ನೋಡಿದರು. ಅಧೀಕ್ಷಕರಿಗೆ ತಿಳಿಸಿ. ದೂರು ಬಂದರೆ ಆಸರೆ ಆಗುವುದು ಆ ಪುಟವೇ. ರಾತ್ರಿ ಇಬ್ಬರು ಬೇಕು ಅಂತಲೂ ಬರೆದೇ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ. 22 ಮಕ್ಕಳನ್ನು ಒಬ್ಬರ ಮೇಲೆ ಬಿಡುವುದು ನಿಮಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ.

ಒಂದು ವಿಷಯ ನನಗೆ ಕೊರೆಯುತ್ತಿದೆ. ಆ ಹುಡುಗಿ ಸಂಜೆಯೆಲ್ಲ ಗೇಟಿನ ಹತ್ತಿರ ಒಬ್ಬಳೇ ಕೂತಿದ್ದಳು. ಮುಂದಿನ ಭಾನುವಾರ ಮನೆಯವರು ಬರುತ್ತಾರೋ ಇಲ್ಲವೋ ಬೆಳಿಗ್ಗೆಯೇ ಫೋನ್ ಮಾಡಿ ತಿಳಿದುಕೊಂಡು ನಿಜ ಹೇಳಿ. ಬರದಿದ್ದರೆ ಸಂಜೆ ಅವಳ ಪಕ್ಕ ಕೂರಿ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ):
"ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ" ಅಂತ ಮಗು ಗುಟ್ಟು ಹೇಳಲು ಬಂದರೆ?

ಉತ್ತರ:
ಆ ಮಾತು ಕೊಡಬೇಡಿ. "ನಿನ್ನನ್ನು ಕಾಪಾಡಲು ಬೇಕಾದವರಿಗಷ್ಟೇ ಹೇಳ್ತೀನಿ" ಅನ್ನಿ. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ ಶಿಕ್ಷೆ, ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ. ಮೇಲಿನವರು "ಸಂಸ್ಥೆಯ ಹೆಸರು ಹಾಳಾಗುತ್ತೆ" ಅಂದರೂ ನಿಲ್ಲಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ನೀವೇ ವಿಚಾರಣೆ ಮಾಡಲು ಹೋಗಬೇಡಿ. ಮಗು ಹೇಳಿದ್ದನ್ನು ಅದರ ಮಾತಲ್ಲೇ ಬರೆದಿಡಿ, ಮತ್ತೆ ಮತ್ತೆ ಕೆದಕಬೇಡಿ.