ಬ್ಲೀಚಿಂಗ್ ಎಷ್ಟು ಸುರಿದರೂ ನಲ್ಲಿಯಲ್ಲಿ ಕ್ಲೋರಿನ್ ಸೊನ್ನೆ! ಲೆಕ್ಕ ಎಲ್ಲಿ ತಪ್ಪಿದೆ?

ನೀರುಗಂಟಿ ಮಗ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ. ನಮ್ಮೂರ ಓವರ್‌ಹೆಡ್ ಟ್ಯಾಂಕ್ 50,000 ಲೀಟರಿನದು. ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ 300 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಿದೆ. ಬೆಳಿಗ್ಗೆ ನಲ್ಲಿ ನೀರಿಗೆ ಓಟಿ (ಕ್ಲೋರಿನ್ ಇದ್ದರೆ ಹಳದಿ ಆಗುವ ಟೆಸ್ಟ್ ದ್ರಾವಣ) ಹನಿ ಬಿಟ್ಟರೆ ಒಂದು ಚೂರೂ ಹಳದಿ ಇಲ್ಲ. 600 ಹಾಕಿದೆ, ಇಲ್ಲ. ಮೊನ್ನೆಯಿಂದ 1 ಕೆ.ಜಿ. ಹಾಕುತ್ತಿದ್ದೇನೆ. ಟ್ಯೂಬನ್ನು ಬಿಳಿ ಪಂಚೆಗೆ ಹಿಡಿದು ನೋಡಿದರೂ ಬರೀ ನೀರು. ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಬರಲೇಬೇಕು ಅಂತಾರೆ, ಸೋಮವಾರ ರಿಪೋರ್ಟ್ ಕೊಡಬೇಕು. ಸಾಲದ್ದಕ್ಕೆ ದೇವಸ್ಥಾನದ ಬೀದಿಯವರು ದಿನಾ ಬಂದು ಬೈದು ಹೋಗುತ್ತಾರೆ. ಇನ್ನೆಷ್ಟು ಹಾಕಲಿ?

ಬಯಲುಸೀಮೆ ಬೋರ್
ಪೌಡರ್ ಹಳೇದು. ಬೇರೇನೂ ಅಲ್ಲ. ನಿಮ್ಮ ಲೆಕ್ಕ ಸರಿ ಇದೆ: ಲೀಟರಿಗೆ 2 ಮಿಲಿಗ್ರಾಂ ಅಂತ ಹಿಡಿದರೆ 50,000 ಲೀಟರಿಗೆ 100 ಗ್ರಾಂ ಕ್ಲೋರಿನ್. ಒಳ್ಳೆ ಪೌಡರಿನಲ್ಲಿ 33% ಇರುತ್ತದೆ, ಹಾಗಾಗಿ 300 ಗ್ರಾಂ ಚಿಲ್ಲರೆ. ಮೂಟೆ ಬಾಯಿ ತೆರೆದಿಟ್ಟರೆ ಅದೆಲ್ಲ ಗಾಳಿಗೆ ಹೋಯಿತು. 10%ಗೆ ಇಳಿದಿದ್ದರೆ 1 ಕೆ.ಜಿ.ಯೇ ಬೇಕು. ಫೋಟೋ ಹಾಕಿ.

ನೀರುಗಂಟಿ ಮಗ
ಅಣ್ಣ, ಮೂಟೆ ಹೋದ ತಿಂಗಳು ಬಂದದ್ದು. ಮೂಗಿಗೆ ಹೊಡೆಯುತ್ತೆ, ಕಣ್ಣು ಉರಿಯುತ್ತೆ. ಗಂಟು ಕಟ್ಟಿಲ್ಲ.

ಬಯಲುಸೀಮೆ ಬೋರ್
ಹೋದ ತಿಂಗಳು ನಿಮಗೆ ಬಂದದ್ದು. ತಯಾರಾದದ್ದು ಯಾವಾಗ? ಮೂಟೆ ಮೇಲಿನ ತಾರೀಕು ನೋಡಿ ಹೇಳಿ.

ಲ್ಯಾಬ್ ಬೆಂಚು
ಮೊದಲು ಆ ಓಟಿ ಎಸೆಯಿರಿ. ಕ್ಲೋರಿನ್ ಇದ್ದರೆ ನೀರನ್ನು ಗುಲಾಬಿ ಮಾಡುವ ಡಿಪಿಡಿ ಮಾತ್ರೆ ತರಿಸಿ. ನೀರಿನಲ್ಲಿ ಮ್ಯಾಂಗನೀಸ್ ಇದ್ದರೆ ಓಟಿ ಸುಳ್ಳೇ ಹಳದಿ ತೋರಿಸುತ್ತದೆ.

ವಾಲ್ವ್ ಮಾಮ
ಮೇಡಂ, ಅವರಿಗೆ ಬಣ್ಣವೇ ಬರುತ್ತಿಲ್ಲ. ನೀವು ಸುಳ್ಳು ಬಣ್ಣದ ಪಾಠ ಮಾಡ್ತಿದ್ದೀರಿ. ಕಿಟ್‌ನಲ್ಲಿ ಕೊಟ್ಟದ್ದೇ ಓಟಿ, ಅವರೇನು ಮಾಡಬೇಕು?

ಲ್ಯಾಬ್ ಬೆಂಚು
ಕೊಟ್ಟದ್ದೆಲ್ಲ ಸರಿ ಅಂತ ಇಲ್ಲವಲ್ಲ. ಓಟಿ ಮೈಗೂ ಒಳ್ಳೆಯದಲ್ಲ.

ವಾಲ್ವ್ ಮಾಮ
ಡಿಪಿಡಿಯೂ ದೇವರಲ್ಲ. ಕ್ಲೋರಿನ್ ತೀರಾ ಜಾಸ್ತಿ ಆದರೆ ಗುಲಾಬಿ ಬಂದ ಹಾಗೆ ಮಾಡಿ ಅಲ್ಲೇ ಮಾಯ. ಸೊನ್ನೆ ಅಂತ ಬರೆದುಕೊಂಡು ಇನ್ನಷ್ಟು ಸುರಿದವರನ್ನು ನೋಡಿದ್ದೇನೆ.

ತೋಟದ ಪಂಪು
ಬೋರ್ ನೀರಲ್ಲಿ ಕಬ್ಬಿಣ ಇದೆಯಾ? ಕಬ್ಬಿಣ ಕ್ಲೋರಿನ್ ತಿನ್ನುತ್ತದೆ.

ಹಳೇ ಫಿಟ್ಟರ್
ತಿನ್ನುತ್ತದೆ, ಆದರೆ ಎಷ್ಟು? 1 ಮಿಲಿಗ್ರಾಂ ಕಬ್ಬಿಣಕ್ಕೆ ಸುಮಾರು 0.64 ಮಿಲಿಗ್ರಾಂ ಕ್ಲೋರಿನ್. ಇವರು ಹಾಕಿದ 1 ಕೆ.ಜಿ. ಅಂದರೆ ಲೀಟರಿಗೆ 6.6 ಮಿಲಿಗ್ರಾಂ. ಅಷ್ಟನ್ನೂ ತಿನ್ನಲು ಲೀಟರಿಗೆ 10 ಮಿಲಿಗ್ರಾಂ ಕಬ್ಬಿಣ ಬೇಕು. ಆ ನೀರಲ್ಲಿ ಪಂಚೆ ಒಗೆದಿದ್ದರೆ ಬಿಳಿ ಉಳಿಯುತ್ತಿರಲಿಲ್ಲ.

ಸೋಲಾರ್ ಸರದಾರ
ಇದಕ್ಕೇ ನಾನು ಪೌಡರ್ ಬಿಟ್ಟು 2 ವರ್ಷ ಆಯ್ತು. ಕ್ಲೋರಿನ್ ದ್ರಾವಣವನ್ನು ಅಳತೆಯಲ್ಲಿ ಬಿಡುವ ಡೋಸಿಂಗ್ ಪಂಪು, ಸೋಲಾರ್ ಪ್ಯಾನೆಲ್, ಕ್ಯಾನ್ ಖಾಲಿ ಆದರೆ ಮೊಬೈಲಿಗೆ ಮೆಸೇಜ್. ಫೋಟೋ ಬೇಕಾದರೆ ಹೇಳಿ.

ಬಯಲುಸೀಮೆ ಬೋರ್
ಯಾರೂ ಕೇಳಲಿಲ್ಲ ಸ್ವಾಮಿ. ತಾರೀಕು ಏನಾಯ್ತು?

ಹಳೇ ಫಿಟ್ಟರ್
ಒಂದು ನಿಮಿಷ. ತಮ್ಮಾ, ದೇವಸ್ಥಾನದ ಬೀದಿಯವರು ಯಾಕೆ ಬೈಯುತ್ತಾರೆ? ನೀನು ಟೆಸ್ಟ್ ಮಾಡುವ ನಲ್ಲಿ ಯಾವುದು?

ನೀರುಗಂಟಿ ಮಗ
ವಾಸನೆ ಅಂತ ಸರ್. ಕಾಫಿ ಬಾಯಿಗಿಡೋಕೆ ಆಗಲ್ಲ ಅಂತ. ನಲ್ಲಿ ನಮ್ಮ ಮನೆಯದೇ, ಆಶ್ರಯ ಮನೆಗಳ ಕಡೆ.

ಹಳೇ ಫಿಟ್ಟರ್
ಅಲ್ಲಿಗೆ ನೀರು ಟ್ಯಾಂಕಿನಿಂದಲೇ ಬರುತ್ತಾ?

ನೀರುಗಂಟಿ ಮಗ
ಇಲ್ಲ, ನಮಗೆ ಶಾಲೆ ಹಿಂದಿನ ಬೋರಿನಿಂದ ನೇರ ಲೈನು. ಮೊದಲಿಂದಲೂ ಹಾಗೇ ಅಲ್ವಾ.

ವಾಲ್ವ್ ಮಾಮ
😂😂 ಅಯ್ಯೋ ಶಿವನೇ.

ಹಳೇ ಫಿಟ್ಟರ್
ನಗಬೇಡಿ, ಎಲ್ಲರಿಗೂ ಆಗುವುದೇ. ತಮ್ಮಾ, ನೀನು ಪೌಡರ್ ಹಾಕಿದ ನೀರು ನಿನ್ನ ಮನೆಗೆ ಬರುವುದೇ ಇಲ್ಲ. ಮೊದಲು 1 ಕೆ.ಜಿ. ನಿಲ್ಲಿಸು. ಇನ್ನೊಂದು: ಪೌಡರ್ ಹಾಕುವಾಗ ಟ್ಯಾಂಕ್ ತುಂಬಿರುತ್ತಾ? ಕೋಲು ಬಿಟ್ಟು ಅಳೆ. ಗುಂಡು ಟ್ಯಾಂಕಿಗೆ ಒಳಗಿನ ಅಗಲ × ಅಗಲ × 0.785 × ನೀರಿನ ಎತ್ತರ. ಎಲ್ಲ ಮೀಟರಿನಲ್ಲಿ, ಬಂದದ್ದನ್ನು ಸಾವಿರದಿಂದ ಗುಣಿಸಿದರೆ ಲೀಟರ್.

ನೀರುಗಂಟಿ ಮಗ
ಈಗ ಬಂದೆ. ಅಗಲ 5 ಮೀಟರ್. ಬೆಳಿಗ್ಗೆ ಹಾಕುವ ಹೊತ್ತಿಗೆ ನೀರು 1.2 ಮೀಟರ್ ಅಷ್ಟೇ ಇತ್ತು. ಲೆಕ್ಕ ಹಾಕಿದರೆ 23,550 ಲೀಟರ್. ಅರ್ಧ ಟ್ಯಾಂಕಿಗೆ 1 ಕೆ.ಜಿ.! ಹೊಟ್ಟೆಯಲ್ಲಿ ಕಲಸಿದ ಹಾಗಾಯ್ತು. ದೇವಸ್ಥಾನದ ಬೀದಿಯ ನಲ್ಲಿಯಲ್ಲಿ ಓಟಿ ಬಿಟ್ಟೆ. ಹಳದಿ ಅಲ್ಲ, ಸೀದಾ ಕಿತ್ತಳೆ ಬಣ್ಣ.

ಹಳೇ ಫಿಟ್ಟರ್
ಲೀಟರಿಗೆ 14 ಮಿಲಿಗ್ರಾಂ ಆಯ್ತು. ಆ ನೀರು ಊರಿಗೆ ಬಿಡಬೇಡ. ಖಾಲಿ ಮಾಡಿ ಹೊಸ ನೀರು ತುಂಬಿಸು. ತುಂಬಿದ ಮೇಲೆ 300 ಗ್ರಾಂ. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲಿ, ಮೇಲಿನ ತಿಳಿ ಮಾತ್ರ ಸುರಿ. ಅರ್ಧ ಗಂಟೆ ಬಿಟ್ಟು ವಾಲ್ವ್ ತೆಗೆ. ಟ್ಯಾಂಕಿನಿಂದ ನೀರು ಹೋಗುವ ಕೊನೇ ಮನೆಯ ನಲ್ಲಿಯಲ್ಲಿ ಟೆಸ್ಟ್ ಮಾಡು.

ನೀರುಗಂಟಿ ಮಗ
ಸರಿ ಸರ್. ಹಾಗಾದರೆ ನಮ್ಮ ನೇರ ಲೈನಿಗೆ?

ಸೋಲಾರ್ ಸರದಾರ
ಈಗ ನನ್ನ ಸರದಿ. ಬೋರ್ ಗಂಟೆಗೆ ಎಷ್ಟು ಕೊಡುತ್ತೆ?

ನೀರುಗಂಟಿ ಮಗ
200 ಲೀಟರ್ ಡ್ರಮ್ ಒಂದೂವರೆ ನಿಮಿಷಕ್ಕೆ ತುಂಬುತ್ತೆ.

ಸೋಲಾರ್ ಸರದಾರ
ಗಂಟೆಗೆ 8,000 ಲೀಟರ್. ಲೀಟರಿಗೆ 1 ಮಿಲಿಗ್ರಾಂ ಹಿಡಿದರೆ ಗಂಟೆಗೆ 8 ಗ್ರಾಂ ಕ್ಲೋರಿನ್. 1% ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ದ್ರಾವಣದಲ್ಲಿ ಲೀಟರಿಗೆ 10 ಗ್ರಾಂ ಇರುತ್ತೆ. ಅಂದರೆ ಗಂಟೆಗೆ 800 ಎಂ.ಎಲ್. ಚಿಕ್ಕ ಪಂಪು ಸಾಕು, ಬೋರ್ ಮೋಟಾರಿನ ಜೊತೆಗೇ ಆನ್ ಆಗೋ ಹಾಗೆ ವೈರಿಂಗ್ ಮಾಡಿಸಿ. ಫೋಟೋ ಹಾಕ್ತೀನಿ ನೋಡಿ.

ವಾಲ್ವ್ ಮಾಮ
ನೇರ ಲೈನಲ್ಲಿ ಮೊದಲ ಮನೆಗೆ ಅರ್ಧ ಗಂಟೆ ಎಲ್ಲಿ ಸಿಗುತ್ತೆ? ಕ್ಲೋರಿನ್ ಕೆಲಸ ಮಾಡೋ ಮುಂಚೆ ನೀರು ಬಿಂದಿಗೆಗೆ ಬಂದಿರುತ್ತೆ. ಬೋರಿನ ಪಕ್ಕ ಮಿನಿ ಟ್ಯಾಂಕ್ ಕೂರಿಸಬೇಕು.

ಸೋಲಾರ್ ಸರದಾರ
ಮಿನಿ ಟ್ಯಾಂಕಿಗೆ ದುಡ್ಡು ನೀವು ಕೊಡ್ತೀರಾ?

ವಾಲ್ವ್ ಮಾಮ
ಪಂಪಿಗೆ ನೀವು ಕೊಟ್ಟರೆ ಟ್ಯಾಂಕಿಗೆ ನಾನು ಕೊಡ್ತೀನಿ.

ನೀರುಗಂಟಿ ಮಗ
ಜಗಳ ಬೇಡ. ಸದ್ಯಕ್ಕೆ ನಮ್ಮ ಕಡೆಯವರಿಗೆ ಕಾಯಿಸಿ ಕುಡಿಯೋಕೆ ಹೇಳಿದ್ದೇನೆ. ಟ್ಯಾಂಕಿನ ಕಡೆ ಕೊನೇ ನಲ್ಲಿ ಇವತ್ತು ತಿಳಿ ಹಳದಿ, ಡಬ್ಬಿಯ ಬಣ್ಣಕ್ಕೆ ಹಿಡಿದರೆ 0.5. ರಿಪೋರ್ಟಿನಲ್ಲಿ ಎರಡು ಲೈನನ್ನೂ ಬೇರೆ ಬೇರೆ ಬರೆದು, ನಮ್ಮದಕ್ಕೆ ಸೊನ್ನೆ ಅಂತಲೇ ಹಾಕಿದೆ. ಮಿನಿ ಟ್ಯಾಂಕಿಗೆ ಅರ್ಜಿಯನ್ನೂ ಅದರ ಜೊತೆಗೇ ಪಿನ್ ಮಾಡಿದ್ದೇನೆ.

ಬಯಲುಸೀಮೆ ಬೋರ್
ಎಲ್ಲ ಸರಿ. ಮೂಟೆ ತಾರೀಕು ಇನ್ನೂ ಹೇಳಲಿಲ್ಲ.