ಓದುಗರ ಸ್ಪಂದನ: ಸುಳ್ಳು ಹೇಳಿ ಮಗನನ್ನು ಆಸ್ಪತ್ರೆಗೆ ಕರೆದೊಯ್ಯಲೇ?

ತಾಲ್ಲೂಕು ಕೇಂದ್ರವೊಂದರ ತಾಯಿಯ ಪತ್ರವನ್ನು ಕಳೆದ ಬಾರಿ ಪ್ರಕಟಿಸಿದ್ದೆವು. ಮಗನಿಗೆ 19 ವರ್ಷ, ಬಿ.ಕಾಂ. ಎರಡನೇ ವರ್ಷ. ನಾಲ್ಕು ತಿಂಗಳಿಂದ ಕಾಲೇಜಿನ ಮುಖ ನೋಡಿಲ್ಲ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಮೊಬೈಲು, ಸ್ನಾನಕ್ಕೂ ಗೋಗರೆಯಬೇಕು. ತಂದೆಯ ಪ್ರಕಾರ ಇದು ಸೋಮಾರಿತನ. ಆಸ್ಪತ್ರೆಯ ಮಾತೆತ್ತಿದರೆ ಹುಡುಗ ಚಿಲಕ ಹಾಕಿಕೊಳ್ಳುತ್ತಾನೆ. "ಬೇರೇನೋ ನೆಪ ಹೇಳಿ ಕರೆದುಕೊಂಡು ಹೋಗಲೇ? ಪರಿಚಯದವರು ಹೇಳಿದಂತೆ ಮಾತ್ರೆಯನ್ನು ಊಟದಲ್ಲಿ ಬೆರೆಸಿಬಿಡಲೇ?" ಎಂದು ಆ ತಾಯಿ ಕೇಳಿದ್ದರು.

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಎಲ್ಲರ ಹೆಸರು, ಊರು ಬಿಟ್ಟಿದ್ದೇವೆ. ಮೊದಲನೆಯದು ಉದ್ದವಾಗಿದೆ, ಕತ್ತರಿ ಹಾಕಲು ಮನಸ್ಸಾಗಲಿಲ್ಲ.

ಒಬ್ಬ ತಂಗಿ ಬರೆಯುತ್ತಾರೆ:

ಅಕ್ಕಾ, ನಿಮ್ಮ ಪತ್ರ ಓದಿ ರಾತ್ರಿ ನಿದ್ದೆ ಹತ್ತಲಿಲ್ಲ. ನಮ್ಮ ಮನೆಯ ಕಥೆ ಬೇಡ, ಅದನ್ನು ಹೇಳಿಕೊಂಡರೆ ನಿಮಗೇನೂ ಸಿಗುವುದಿಲ್ಲ. ಇಂಥ ಹೊತ್ತಿನಲ್ಲಿ ಯಾರೂ ಬಿಡಿಸಿ ಹೇಳದ ವಿಷಯಗಳನ್ನಷ್ಟೇ ಬರೆಯುತ್ತೇನೆ.

ಮೊದಲ ಸಲ ಅವನು ಬರಲೇಬೇಕೆಂದಿಲ್ಲ, ನೀವೊಬ್ಬರೇ ಹೋಗಬಹುದು. ಅದಕ್ಕೂ ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತೊಂದರೆ ಇರುವವರೇ ಮಾಡಬೇಕೆಂಬ ನಿಯಮವಿಲ್ಲ, ಮನೆಯವರೂ ಮಾಡಬಹುದು. ಮೊದಲು ತರಬೇತಾದ ಆಪ್ತಸಮಾಲೋಚಕರು ಸಿಗುತ್ತಾರೆ. ಅವರಿಗೆ ಅಗತ್ಯ ಕಂಡರೆ ತಜ್ಞರಿಗೆ ದಾಟಿಸುತ್ತಾರೆ.

ಹೆಚ್ಚಿನವರ ಕರೆ ವ್ಯರ್ಥವಾಗುವುದು ಎಲ್ಲಿ ಗೊತ್ತೇ? "ಮಗ ಮೊದಲಿನ ಹಾಗಿಲ್ಲ ಮೇಡಂ" ಎಂದು ಅತ್ತುಬಿಡುತ್ತೇವೆ, ಅವರು ಸಮಾಧಾನ ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಫೋನಿಗೆ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಯಾವ ತಿಂಗಳಿಂದ ಹೀಗೆ? ಎಷ್ಟಕ್ಕೆ ಮಲಗುತ್ತಾನೆ, ಎಷ್ಟಕ್ಕೆ ಏಳುತ್ತಾನೆ? ಊಟ ದಿನಕ್ಕೆ ಎಷ್ಟು ಸಲ, ಬಟ್ಟೆ ಸಡಿಲವಾಗಿದೆಯೇ? ಗೆಳೆಯರ ಫೋನು ತೆಗೆದುಕೊಳ್ಳುತ್ತಾನೆಯೇ? ತನ್ನಷ್ಟಕ್ಕೆ ಮಾತಾಡುವುದು, ನಗುವುದು ಉಂಟೇ? ಯಾರೋ ನನ್ನನ್ನು ಗಮನಿಸುತ್ತಿದ್ದಾರೆ, ಊಟಕ್ಕೆ ಏನೋ ಹಾಕಿದ್ದಾರೆ ಎಂಬ ಅನುಮಾನ? ಕುಡಿತ, ಗಾಂಜಾ? ಸಾಯುವ ಮಾತು? ಎರಡೂ ಕಡೆಯ ಬಂಧುಗಳಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಇತ್ತೇ? ಈ ಹಾಳೆ ಫೋನಿಗೂ ಆಗುತ್ತದೆ, ಡಾಕ್ಟರಿಗೂ ಆಗುತ್ತದೆ.

ಆಮೇಲೆ ತಾಲ್ಲೂಕು ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದೊಂದಿದೆ. ಇಡೀ ದೇಶಕ್ಕೆ ಇದರ ಮಾದರಿ ಹೊರಟಿದ್ದು ನಮ್ಮ ಬಳ್ಳಾರಿಯಿಂದ. ಅದರ ಮನೋವೈದ್ಯರು ನಿಗದಿತ ದಿನ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. 'ಮನೋಚೈತನ್ಯ' ಎಂಬ ಹೆಸರಿನಲ್ಲಿ ಇದಕ್ಕೆ ಮಂಗಳವಾರ ಗೊತ್ತುಮಾಡಿದ್ದರು. ನಿಮ್ಮಲ್ಲಿ ಈಗ ಯಾವ ವಾರ ಎಂದು ಚೀಟಿ ಮಾಡಿಸುವ ಕೌಂಟರಿನಲ್ಲಿ ಕೇಳಿಕೊಳ್ಳಿ. ಊರಿನವರ ಕಣ್ಣಿಗೆ ಬೀಳುವ ಅಂಜಿಕೆ ಇದ್ದರೆ ಪಕ್ಕದ ತಾಲ್ಲೂಕಿಗೋ ಜಿಲ್ಲಾಸ್ಪತ್ರೆಗೋ ಹೋಗಿ. ಹುಡುಗನನ್ನು ನೋಡದೆ ಡಾಕ್ಟರು ಮಾತ್ರೆ ಬರೆದುಕೊಡುವುದಿಲ್ಲ. ಅದಕ್ಕೆ ಜಗಳ ಬೇಡ, ಅವರು ಮಾಡುವುದು ಸರಿ. ಆದರೆ ಇದು ಕಾಯಬಹುದಾದದ್ದೋ ಕಾಯಬಾರದ್ದೋ ಎಂಬುದು ಅಲ್ಲಿ ತಿಳಿಯುತ್ತದೆ. ತಂಡದಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಇದ್ದರೆ ಅವರನ್ನೇ ಕೇಳಿ ಭೇಟಿಯಾಗಿ. ಮನೆಮಂದಿಯ ಜೊತೆ ಕೂತು ಮಾತಾಡುವುದು ಅವರ ಕೆಲಸವೇ.

ಇನ್ನು ಬಾಗಿಲ ಹತ್ತಿರದ ಮಾತು. ಸುಳ್ಳು ಹೇಳಿ ಕರೆದುಕೊಂಡು ಹೋದರೆ ಒಂದು ಸಲ ಬರುತ್ತಾನೆ. ಬೋರ್ಡು ನೋಡಿದ ಕ್ಷಣದಿಂದ ನಿಮ್ಮನ್ನೂ ನಂಬುವುದಿಲ್ಲ, ಡಾಕ್ಟರನ್ನೂ ನಂಬುವುದಿಲ್ಲ, ಮಾತ್ರೆಯನ್ನೂ ನಂಬುವುದಿಲ್ಲ. ಈ ಚಿಕಿತ್ಸೆ ಒಂದು ಸಲದ್ದಲ್ಲವಲ್ಲ. ಅವನಿಗೇ ಕಷ್ಟವಾಗಿರುವ ಸಂಗತಿಯಿಂದ ಶುರುಮಾಡಿ, ಹೆಚ್ಚಾಗಿ ಅದು ನಿದ್ದೆ. "ನಿದ್ದೆ ಪೂರ್ತಿ ಕೆಟ್ಟಿದೆ, ಮನಸ್ಸಿಗೂ ಸುಸ್ತಾಗಿರಬಹುದು. ಒಬ್ಬ ಡಾಕ್ಟರನ್ನ ಕೇಳೋಣ. ನಾನು ಆಗಲೇ ಹೋಗಿ ಮಾತಾಡಿ ಬಂದಿದೀನಿ" ಎನ್ನಿ. ಇದರಲ್ಲಿ ಸುಳ್ಳಿಲ್ಲ. ಫೋನಲ್ಲೋ ಎದುರಲ್ಲೋ, ಜೊತೆಗೆ ಅಮ್ಮನೋ ಮಾವನೋ, ಈ ವಾರವೋ ಮುಂದಿನ ವಾರವೋ, ಇವನ್ನೆಲ್ಲ ಅವನ ಆಯ್ಕೆಗೆ ಬಿಡಿ. ಬೇಡ ಎಂದರೆ ಅಲ್ಲಿಗೇ ನಿಲ್ಲಿಸಿ, ನಾಲ್ಕು ದಿನ ಬಿಟ್ಟು ಮತ್ತೆ ಕೇಳಿ. ದಿನಕ್ಕೆ ಹತ್ತು ಸಲ ಕೇಳಿದರೆ ಅದು ಪೀಡನೆಯಾಗುತ್ತದೆ.

ಮನೆಯ ಗಾಳಿಯೂ ಔಷಧದಷ್ಟೇ ಕೆಲಸ ಮಾಡುತ್ತದೆ. ಸ್ಕಿಝೋಫ್ರೇನಿಯಾ (ಭ್ರಮೆ, ಇಲ್ಲದ ಅನುಮಾನಗಳು ಕಾಡುವ ತೀವ್ರ ಮನಸ್ಸಿನ ಕಾಯಿಲೆ) ಇರುವವರ ಮನೆಗಳ ಬಗ್ಗೆ ಲಂಡನ್ನಿನಲ್ಲಿ 1960, 70ರ ದಶಕಗಳಲ್ಲಿ ನಡೆದ ಅಧ್ಯಯನಗಳು ಹೇಳಿದ್ದು ಇದು: ಟೀಕೆ, ಹಗೆತನ, ಅತಿಯಾದ ಅಂಟಿಕೊಳ್ಳುವಿಕೆ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು, ಅಂಥವರ ಜೊತೆ ವಾರಕ್ಕೆ 35 ಗಂಟೆಗಿಂತ ಹೆಚ್ಚು ಮುಖಾಮುಖಿ ಇದ್ದರೆ ಇನ್ನೂ ಹೆಚ್ಚು. ನಿಮ್ಮ ಮಗನಿಗೆ ಆ ಕಾಯಿಲೆ ಎನ್ನುತ್ತಿಲ್ಲ. ಬೈಗುಳವನ್ನು ಎಣಿಸಿ ಕಡಿಮೆ ಮಾಡಬಹುದು ಎನ್ನುತ್ತಿದ್ದೇನೆ. ನೀವೂ ಅವನ ಬಾಗಿಲು ಕಾಯುತ್ತಾ ಕೂರದೆ ದಿನಕ್ಕೊಂದಿಷ್ಟು ಹೊತ್ತು ಹೊರಗೆ ಹೋಗಿ ಬನ್ನಿ.

ನಿದ್ದೆ ತಿದ್ದುವಾಗ ಮಲಗುವ ಹೊತ್ತನ್ನು ಮುಟ್ಟಬೇಡಿ, ಏಳುವ ಹೊತ್ತನ್ನು ಹಿಡಿಯಿರಿ. ಎರಡು ಗಂಟೆಗೆ ಏಳುವವನು ಒಂದೂವರೆಗೆ ಏಳಲಿ. ಎರಡು ಮೂರು ದಿನ ಅಲ್ಲೇ ನಿಲ್ಲಿಸಿ ಇನ್ನರ್ಧ ಗಂಟೆ ಹಿಂದಕ್ಕೆ. ಎದ್ದ ಕೂಡಲೇ ಬಿಸಿಲಿಗೆ ಬರಬೇಕು, ಕಿಟಕಿಯಾದರೂ ತೆರೆಯಬೇಕು. ಮೊಬೈಲು ಕಿತ್ತುಕೊಳ್ಳಬೇಡಿ, ಹೊರಜಗತ್ತಿಗೆ ಅವನಿಗಿರುವ ಕೊನೆಯ ದಾರಿ ಅದೇ ಇರಬಹುದು. ಚಾರ್ಜರನ್ನು ನಡುಮನೆಯಲ್ಲಿಡಲು ಒಪ್ಪಿಸಿದರೆ ಸಾಕು.

ಕೊನೆಯದು, ಬರೆಯಲು ಕೈ ನಡುಗುವಂಥದ್ದು. "ಸತ್ತುಹೋಗೋಣ ಅನ್ನಿಸುತ್ತಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ. ಹೌದೆಂದರೆ ಬುದ್ಧಿವಾದ ಬೇಡ, ಪಕ್ಕದಲ್ಲಿರಿ. ಹೊಲಕ್ಕೆ ತಂದ ಕೀಟನಾಶಕ, ಅಜ್ಜಿಯ ಮಾತ್ರೆ ಡಬ್ಬ ಅವತ್ತೇ ಮನೆಯಿಂದ ಹೊರಹೋಗಬೇಕು. ಬೀರುವಿನ ಮೇಲಿಟ್ಟರೆ ಆಗುವುದಿಲ್ಲ. ಏನಾದರೂ ನುಂಗಿದ್ದು ತಿಳಿದರೆ, ಆರಾಮಾಗಿ ಓಡಾಡುತ್ತಿದ್ದರೂ 108ಕ್ಕೆ ಕರೆಮಾಡಿ. ಕೆಲವು ಮಾತ್ರೆಗಳ ಹಾನಿ ಒಂದೆರಡು ದಿನ ಹೊರಗೆ ಕಾಣುವುದೇ ಇಲ್ಲ.

ತಂದೆಯವರ ಬಗ್ಗೆ ಬಂದ ಪತ್ರಗಳೇ ಹೆಚ್ಚು. ಅವುಗಳಲ್ಲಿ ಅತಿ ಚಿಕ್ಕದು ಇದು:

ಸೋಮಾರಿಗೆ ಕೆಲಸ ಬೇಡ, ಆದರೆ ಊಟ, ಕ್ರಿಕೆಟ್ಟು, ಗೆಳೆಯರು ಎಲ್ಲ ಬೇಕು. ಇವನಿಗೆ ಅದೂ ಬೇಡವಾಗಿದೆ. ಇಷ್ಟು ವ್ಯತ್ಯಾಸ ಕಾಣದ ಯಜಮಾನರನ್ನು ಮೊದಲು ಡಾಕ್ಟರ ಮುಂದೆ ಕೂರಿಸಿ.

ಮಾತು ಒರಟು, ಸಲಹೆ ತೆಗೆದುಹಾಕುವಂಥದ್ದಲ್ಲ. ಊಟದಲ್ಲಿ ಮಾತ್ರೆ ಬೆರೆಸುವ ಬಗ್ಗೆ ಫಾರ್ಮಸಿಸ್ಟ್ ಒಬ್ಬರು ಬರೆದಿದ್ದಾರೆ. ಇದನ್ನು ದಯವಿಟ್ಟು ಪೂರ್ತಿ ಓದಿ.

ಬೆರೆಸಬೇಡಿ. ನ್ಯಾಯ ಅನ್ಯಾಯದ ಚರ್ಚೆ ಬೇರೆಯವರು ಮಾಡಲಿ, ನಾನು ಔಷಧದ ಲೆಕ್ಕವಷ್ಟೇ ಹೇಳುತ್ತೇನೆ.

ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ಮಾತ್ರೆಯನ್ನು ಪುಡಿಮಾಡಿದರೆ ದಿನದ ಔಷಧವೆಲ್ಲ ಒಟ್ಟಿಗೇ ಮೈಗೆ ಸೇರುತ್ತದೆ. ಭ್ರಮೆ, ಅನುಮಾನಗಳಂಥ ತೊಂದರೆಗೆ ಕೊಡುವ ರಿಸ್ಪೆರಿಡೋನ್ ದ್ರವರೂಪದಲ್ಲೂ ಬರುತ್ತದೆ, ಅದನ್ನು ಚಹಾಕ್ಕಾಗಲಿ ಕೋಲಾಕ್ಕಾಗಲಿ ಸೇರಿಸಬಾರದು ಎಂದು ತಯಾರಕರೇ ಎಚ್ಚರಿಸುತ್ತಾರೆ. ಜನ ಬೆರೆಸುವುದು ಮಾತ್ರ ಚಹಾಕ್ಕೇ. ಹುಡುಗ ಅರ್ಧ ಊಟ ಬಿಟ್ಟರೆ ಎಷ್ಟು ಹೋಯಿತು ಎಂದು ನಿಮಗೂ ತಿಳಿಯದು, ಡಾಕ್ಟರಿಗೂ ತಿಳಿಯದು. ಅದೇ ತಟ್ಟೆಯಿಂದ ತಂಗಿ ಒಂದು ತುತ್ತು ತಿಂದರೆ?

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್‌ನಂಥ ಮಾತ್ರೆಗಳಿಂದ ಮೊದಲ ಕೆಲವು ದಿನಗಳಲ್ಲಿ ಕತ್ತು ಒಂದು ಕಡೆ ತಿರುಚಿಕೊಳ್ಳಬಹುದು, ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳಬಹುದು, ನಾಲಿಗೆ ಸೆಟೆದುಕೊಳ್ಳಬಹುದು. ಹರೆಯದ ಗಂಡುಹುಡುಗರಲ್ಲೇ ಇದು ಹೆಚ್ಚು. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ನಿಗೆ ಬೇಗ ಇಳಿಯುತ್ತದೆ. ಆದರೆ ತನಗೆ ಮಾತ್ರೆ ಕೊಟ್ಟಿದ್ದಾರೆಂದೇ ತಿಳಿಯದವನು ಏನೆಂದುಕೊಳ್ಳಬೇಕು? ಮನೆಯವರು ದೆವ್ವ ಹಿಡಿಯಿತೆಂದು ಹೊರಡುತ್ತಾರೆ. ಮೊದಲೇ ಊಟದ ಮೇಲೆ ಅನುಮಾನವಿದ್ದ ಹುಡುಗನಾದರೆ ಅವನ ಅನುಮಾನವನ್ನು ನೀವೇ ನಿಜಮಾಡಿದಂತೆ.

ತಿಳಿಸಿ ಕೊಡುವ ಮಾತ್ರೆಯಲ್ಲೂ ಜನ ಎಡವುತ್ತಾರೆ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್, ಎಸಿಟಲೊಪ್ರಾಂ ಮುಂತಾದವು ಗುಣ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಆರು ವಾರ. ಹೊಟ್ಟೆ ತೊಳಸು, ಚಡಪಡಿಕೆ ಮಾತ್ರ ಮೊದಲ ವಾರವೇ ಬರುತ್ತದೆ. ಹತ್ತನೇ ದಿನಕ್ಕೆ "ಇದು ಆಗಿಬರಲಿಲ್ಲ" ಎಂದು ಬಿಟ್ಟುಬಿಡುವವರು ಬಹಳ. 25ರೊಳಗಿನವರಲ್ಲಿ ಮೊದಲ ವಾರಗಳಲ್ಲೂ ಡೋಸು ಬದಲಾಯಿಸಿದಾಗಲೂ ಸಾಯುವ ಯೋಚನೆ ಹೆಚ್ಚಬಹುದು, ಹತ್ತಿರದಿಂದ ಗಮನಿಸಬೇಕು. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸುತ್ತಾರೆ. ನಿಲ್ಲಿಸುವಾಗ ಡಾಕ್ಟರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಮಾತ್ರೆಪಟ್ಟಿ ನಿಮ್ಮ ಸುಪರ್ದಿಯಲ್ಲಿರಲಿ, ಒಂದು ವಾರದ್ದು ಉಳಿದಿರುವಾಗಲೇ ಮುಂದಿನದಕ್ಕೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ದಾಸ್ತಾನು ಮುಗಿದಿದ್ದರೆ ಜನೌಷಧಿ ಅಂಗಡಿಯಲ್ಲಿ ಕೇಳಿ.

ಈ ತಾಯಿ ಕೇಳದ ಪ್ರಶ್ನೆಯೊಂದಕ್ಕೆ ಪದವಿ ಕಾಲೇಜಿನ ಉಪನ್ಯಾಸಕರು ಉತ್ತರಿಸಿದ್ದಾರೆ. ಮುಂದೆ ಬೇಕಾದೀತು.

ಟಿ.ಸಿ. ಮಾತ್ರ ತೆಗೆಸಬೇಡಿ. ಸಿಟ್ಟಿನಲ್ಲಿ ತಂದೆ ತಾಯಿ ಮೊದಲು ಮಾಡುವ ಕೆಲಸ ಅದು. ಹಾಜರಾತಿ 75 ಶೇಕಡಾಕ್ಕಿಂತ ಕಡಿಮೆಯಾಗಿ ಪರೀಕ್ಷೆಗೆ ಕೂರಲಾಗದಿದ್ದರೂ ಅದೇ ಸೆಮಿಸ್ಟರಿಗೆ ಮುಂದಿನ ವರ್ಷ ಮರುಪ್ರವೇಶ ಕೇಳಬಹುದು. ಅರ್ಜಿ ಪ್ರಾಂಶುಪಾಲರ ಮೂಲಕ, ವಿಶ್ವವಿದ್ಯಾಲಯ ಹೇಳಿದ ಕೊನೆಯ ದಿನದೊಳಗೆ. ಸಿಲಬಸ್ ಬದಲಾಗಿದ್ದರೆ ಯಾವ ಪೇಪರಿಗೆ ಯಾವುದು ಸಮಾನ ಎಂಬುದನ್ನು ಬರಹದಲ್ಲಿ ಪಡೆಯಿರಿ, ಕೊನೆಯ ವರ್ಷ ಅಂಕಪಟ್ಟಿ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ವೈದ್ಯಕೀಯ ಪ್ರಮಾಣಪತ್ರದಲ್ಲಿ "ಇಂಥ ದಿನದಿಂದ ಚಿಕಿತ್ಸೆಯಲ್ಲಿದ್ದಾರೆ" ಎಂದಿದ್ದರೆ ಸಾಕು, ಕಾಯಿಲೆಯ ಹೆಸರು ಬರೆಯಬೇಕಿಲ್ಲ ಎಂದು ಡಾಕ್ಟರನ್ನು ಕೋರಿ. ಮರಳುವಾಗ ಒಂದೇ ಸಲ ಆರು ಗಂಟೆ ಕೂರಿಸಬೇಡಿ. ಮೊದಲು ಗ್ರಂಥಾಲಯ, ಆಮೇಲೆ ಇಷ್ಟದ ಒಂದು ತರಗತಿ, ಆಮೇಲೆ ಅರ್ಧ ದಿನ.

ಒಬ್ಬ ವಕೀಲೆಯ ಪತ್ರದಿಂದ:

ಹುಡುಗನಿಗೆ 18 ದಾಟಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಅರ್ಥಮಾಡಿಕೊಂಡು ನಿರ್ಧರಿಸುವ ಶಕ್ತಿ ಇರುವವರೆಗೆ ಚಿಕಿತ್ಸೆಗೆ ಒಪ್ಪುವುದು, ಬಿಡುವುದು ಅವನದೇ. ಆ ಶಕ್ತಿ ಕುಂದಿ, ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವ ಸ್ಥಿತಿ ಬಂದರೆ ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯಕ್ಕೆ ಸಿಲುಕಿದರೆ ಮಾತ್ರ, ಅವನ ಒಪ್ಪಿಗೆಯಿಲ್ಲದೆ ಆಸ್ಪತ್ರೆಗೆ ದಾಖಲಿಸಲು 89ನೇ ಕಲಂ ಇದೆ. ಅವನ ನಾಮನಿರ್ದೇಶಿತ ಪ್ರತಿನಿಧಿ (ಅವನೇ ಹೆಸರಿಸಿದವರು, ಹೆಸರಿಸಿರದಿದ್ದರೆ ಸಾಮಾನ್ಯವಾಗಿ ಮನೆಯವರು) ಅರ್ಜಿ ಕೊಡಬೇಕು. ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲೊಬ್ಬರು ಮನೋವೈದ್ಯರೇ ಆಗಿರಬೇಕು. ದಾಖಲಾತಿಯ ಮಿತಿ 30 ದಿನ. ಜೀವಕ್ಕೆ ತುರ್ತು ಎಂದಾದರೆ 94ನೇ ಕಲಂನಡಿ ಯಾವ ನೋಂದಾಯಿತ ವೈದ್ಯರೂ 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು.

ಮನೆಗೇ ವ್ಯಾನು ತಂದು ಎತ್ತಿಕೊಂಡು ಹೋಗುವ 'ಕೇಂದ್ರ'ಗಳಿವೆ, ಹುಷಾರು. ಕಾಯ್ದೆಯಡಿ ನೋಂದಣಿಯಾದ ಪ್ರಮಾಣಪತ್ರ ತೋರಿಸಲು ಹೇಳಿ, ಮಗನನ್ನು ಭೇಟಿಯಾಗಲು ಬಿಡುತ್ತಾರೆಯೇ ಕೇಳಿ. ಸರಪಳಿ ಹಾಕುವುದನ್ನು 95ನೇ ಕಲಂ ಸಂಪೂರ್ಣ ನಿಷೇಧಿಸಿದೆ. ಆರೋಗ್ಯ ವಿಮೆ ಇದ್ದರೆ ಪಾಲಿಸಿ ತೆಗೆದು ನೋಡಿ. ದೈಹಿಕ ಕಾಯಿಲೆಗಿರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು 21ನೇ ಕಲಂ ಹೇಳುತ್ತದೆ.

ಮದುವೆ ಮಾಡಿದರೆ ಸರಿಹೋದಾನು ಎಂದವರೂ ಇದ್ದಾರೆ. ಅವರಿಗೆ ನಮ್ಮ ಪರವಾಗಿ ಓದುಗರೊಬ್ಬರು ಉತ್ತರ ಕೊಟ್ಟಿದ್ದಾರೆ:

ಕಾಯಿಲೆಗೆ ಔಷಧಿ ಹುಡುಕಿ. ಇನ್ನೊಬ್ಬರ ಮಗಳನ್ನಲ್ಲ.

ಕಿರಿಯ ಓದುಗನೊಬ್ಬ ಕೋಣೆಯ ಒಳಗಿನವರ ಪರವಾಗಿ ಬರೆದಿದ್ದಾನೆ:

ಆಂಟಿ, ಬಾಗಿಲು ತಟ್ಟಿದ ಮೇಲೆ ಸ್ವಲ್ಪ ಕಾಯಿರಿ, ತಕ್ಷಣ ತಳ್ಳಬೇಡಿ. ಚಿಕ್ಕಮ್ಮನ ಹತ್ತಿರ ಫೋನಲ್ಲಿ ಅವನ ವಿಷಯ ಮಾತಾಡಬೇಡಿ, ಒಳಗೆ ಎಲ್ಲಾ ಕೇಳುತ್ತೆ. ಬರೆದು ಕೊಟ್ಟರೆ ಕೆಲವರಿಗೆ ಸುಲಭ. ವಾಟ್ಸಾಪಲ್ಲಿ 14416 ಅಂತ ಕಳಿಸಿ ಸುಮ್ಮನಿದ್ದುಬಿಡಿ, ಮಾಡಿದೆಯಾ ಅಂತ ಕೇಳಬೇಡಿ. ಜಿಲ್ಲಾ ಕೇಂದ್ರಗಳಲ್ಲಿ ಯುವ ಸ್ಪಂದನ ಕೇಂದ್ರ ಅಂತ ಇದೆ, ಯುವ ಸಬಲೀಕರಣ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ಮಾಡಿದ್ದು. ಅದು ಆಸ್ಪತ್ರೆ ಅಲ್ಲ, ನಮ್ಮಂಥ ವಯಸ್ಸಿನವರಿಗೇ ಇರೋದು. ಆಸ್ಪತ್ರೆಗೆ ಬರಲ್ಲ ಅನ್ನೋನು ಅಲ್ಲಿಗೆ ಬರಬಹುದು.

ಔಷಧಿಯಿಲ್ಲದೆ 21 ದಿನದಲ್ಲಿ ಗುಣಪಡಿಸುವ ಭರವಸೆಯ ವಿಳಾಸಗಳು ಎರಡು ಪತ್ರಗಳಲ್ಲಿದ್ದವು, ಅವನ್ನು ಪ್ರಕಟಿಸಿಲ್ಲ. ಪತ್ರ ಬರೆದ ತಾಯಿ ಹೋದ ವಾರ ತಾವೊಬ್ಬರೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಂದುದಾಗಿ ತಿಳಿಸಿದ್ದಾರೆ. ಮುಂದಿನ ಭೇಟಿಗೆ ಯಜಮಾನರೂ ಬರುತ್ತಾರಂತೆ. ಮಗ ಇನ್ನೂ ಒಪ್ಪಿಲ್ಲ. — ಸಂ.